ಎರಡು ಗುಂಡಿಗಳ ನಡುವೆ

"ಇಪ್ಪತ್ತಾರು ಬಂದಿದೆ ಕಣೇ ಪಾವನಾ. ಶ್ರೀಯಾ ಪ್ಲೇಟಲ್ಲಿ. ಸ್ಕೇಲಿಟ್ಟು ನಾನೇ ನೋಡ್ದೆ, ಇಪ್ಪತ್ತಾರು ಮಿಲಿಮೀಟರ್," ಎಂದು ಸಹಪಾಠಿ ಪ್ರಮೋದ್ ಕ್ಯಾಂಟೀನಿನ ಬೆಂಚಿನ ಮೇಲೆ ಕೂರುವ ಮೊದಲೇ ಹೇಳಿಬಿಟ್ಟ.

ಪಾವನಾ ಬಜ್ಜಿಯನ್ನು ಚಟ್ನಿಯಲ್ಲಿ ಅದ್ದಿ, ತಿನ್ನದೆ ಹಾಗೇ ಹಿಡಿದುಕೊಂಡಳು. "ಸಾಧ್ಯನೇ ಇಲ್ಲ."

"ಇದೆ ಪಾ. ಸರ್ ಕೂಡ ನೋಡಿದ್ರು. ನಿಂದೆಷ್ಟು, ಹದಿನಾಲ್ಕಾ?"

"ಹದಿನೈದು."

"ಸರಿ, ಹದಿನೈದು," ಎಂದು ಪ್ರಮೋದ್ ಅವಳ ತಟ್ಟೆಯಿಂದಲೇ ಒಂದು ಬಜ್ಜಿ ಎತ್ತಿಕೊಂಡ.

ಎಂ.ಫಾರ್ಮಾದ ಕೊನೆಯ ವರ್ಷ. ಹುಡುಗಿಯರಿಬ್ಬರಿಗೂ ಒಂದೇ ಲ್ಯಾಬು, ಕೃಷ್ಣಪ್ರಸಾದ ಸರ್ ಒಬ್ಬರೇ ಗೈಡು, ಬ್ಯಾಕ್ಟೀರಿಯಾ ಕೂಡ ಒಂದೇ: ರಾಯಪುರಂನ ಮೀನುಗಾರನೊಬ್ಬನ ಕುರುವಿನಿಂದ ಬಂದದ್ದು. ಪಾವನಾ ಬೇವಿನೆಲೆಯ ಸಾರದಿಂದ ಹಚ್ಚುವ ಜೆಲ್ ಮಾಡಿದ್ದಳು, ಶ್ರೀಯಾ ಲವಂಗದೆಣ್ಣೆಯಿಂದ. ಬ್ಯಾಕ್ಟೀರಿಯಾ ಹರಡಿದ ಪ್ಲೇಟಿನಲ್ಲಿ ಸಣ್ಣ ಗುಂಡಿ ಕೊರೆದು, ಜೆಲ್ ತುಂಬಿ ಒಂದು ದಿನ ಬೆಚ್ಚಗಿಟ್ಟರೆ, ಔಷಧಿ ಮುಟ್ಟಿದ ಕಡೆ ಏನೂ ಬೆಳೆಯದೆ ಗುಂಡಿಯ ಸುತ್ತ ತಿಳಿಯಾದ ವೃತ್ತ ಮೂಡುತ್ತದೆ. ವೃತ್ತ ಅಗಲವಾದಷ್ಟೂ ಔಷಧಿ ಗಟ್ಟಿ. ಮುಂದಿನ ತಿಂಗಳು ಹೈದರಾಬಾದಿನ ಸಮ್ಮೇಳನಕ್ಕೆ ಕಾಲೇಜು ಕಳಿಸುವುದು ಒಬ್ಬರನ್ನು ಮಾತ್ರ. ಬೇವು ಅರೆದು ಅರೆದು ಪಾವನಾಳ ಉಗುರಿನ ಸಂದು ವರ್ಷದಿಂದ ಹಸಿರಾಗಿತ್ತು. ಶ್ರೀಯಾ ಲವಂಗಕ್ಕೆ ಕೈಹಾಕಿ ನಾಲ್ಕು ತಿಂಗಳಾಗಿತ್ತಷ್ಟೆ.

"ಎಣ್ಣೆ ಕರಗ್ಲಿ ಅಂತ ಅವಳು ಸ್ಪಿರಿಟ್ ಹಾಕ್ತಾಳೆ," ಎಂದಳು ಪಾವನಾ. "ಕೊಂದಿದ್ದು ಸ್ಪಿರಿಟ್ಟು. ಲವಂಗ ಹಾಕ್ದೆ ಬರೀ ಸ್ಪಿರಿಟ್ ಜೆಲ್ ಇಟ್ಟು ನೋಡಿದ್ಲಾ?"

"ನನ್ನ ಯಾಕೆ ಕೇಳ್ತೀಯ? ಅವಳ್ನೇ ಕೇಳು."

ಅವಳು ಕೇಳಲಿಲ್ಲ. ಶ್ರೀಯಾ ಊಟಕ್ಕೆ ಹೋದ ಹೊತ್ತು ನೋಡಿ ಅವಳ ಡಬ್ಬಿಯಿಂದ ಒಂದು ಚೂರು ಜೆಲ್ ಕೆರೆದುಕೊಂಡಳು. ಸ್ಪಿರಿಟ್ ಮಾತ್ರ ಇರುವ ಜೆಲ್ಲನ್ನೂ ಕಲಸಿದಳು. ಒಂದೇ ಪ್ಲೇಟಿನಲ್ಲಿ ಮೂರು ಗುಂಡಿ: ಬರೀ ಸ್ಪಿರಿಟ್ ಜೆಲ್ಲು, ಶ್ರೀಯಾಳದು, ಪಕ್ಕದಲ್ಲೇ ತನ್ನದು. ಬಾಗಿಲ ಕಡೆ ಕಣ್ಣಿಟ್ಟು ಕೊರೆದದ್ದರಿಂದ ಕೊನೆಯ ಎರಡು ಗುಂಡಿಗಳು ತೀರ ಹತ್ತಿರವಾದವು. ನಡುವೆ ಅಂತರ ಬಿಡಿ ಎಂದು ಜೂನಿಯರ್‌ಗಳಿಗೆ ದಿನಾ ಬೈಯುವವಳೇ ಅವಳು.

ಮರುದಿನ ಮಧ್ಯಾಹ್ನ ಪ್ಲೇಟನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಸ್ಪಿರಿಟ್ ಜೆಲ್ಲಿನ ಗುಂಡಿಯ ಅಂಚಿನವರೆಗೂ ಬ್ಯಾಕ್ಟೀರಿಯಾ ಒತ್ತಾಗಿ ಬೆಳೆದಿತ್ತು; ಸ್ಪಿರಿಟ್ ಏನನ್ನೂ ಕೊಂದಿರಲಿಲ್ಲ. ಶ್ರೀಯಾಳ ವೃತ್ತ ಇಪ್ಪತ್ತಾರೇ. ಪಾವನಾ ಸ್ಕೇಲನ್ನು ಇನ್ನೊಮ್ಮೆ ಇಟ್ಟು ನೋಡಿದಳು. ಆಮೇಲೆ ಕಂಡಿತು: ಎರಡು ವೃತ್ತಗಳ ನಡುವೆ, ಒಂಟಿಯಾಗಿ ಯಾವುದೂ ತಲುಪಲಾರದ ಜಾಗ ಕೂಡ, ತಿಳಿಯಾಗಿ ಎರಡನ್ನೂ ಕೂಡಿಸಿತ್ತು. ಬೇವೂ ಲವಂಗವೂ ಸೇರಿದ ಕಡೆ ಔಷಧಿಯ ಬಲ ಹೆಚ್ಚಿತ್ತು.

ಲವಂಗದೆಣ್ಣೆ ಯಾವ ಅಂಗಡಿಯಲ್ಲಾದರೂ ಸಿಗುತ್ತದೆ. ತಾನೇ ತಂದು ಬೇವಿಗೆ ಬೆರೆಸಿದರೆ ಯಾರಿಗೆ ಗೊತ್ತಾಗುತ್ತದೆ? ಹೀಗೆಂದು ಎರಡು ಸಲ ಯೋಚಿಸಿದಳು. ಮೂರನೆಯ ಸಲ ಪ್ಲೇಟನ್ನು ಯಾರಿಗಾದರೂ ತೋರಿಸಬೇಕೆಂದು ಜೀವ ಚಡಪಡಿಸಿತು. ನೋಡಿದ ಕೂಡಲೇ ಇದು ಏನೆಂದು ತಿಳಿಯುವವಳು ಆ ಲ್ಯಾಬಿನಲ್ಲಿ ಒಬ್ಬಳೇ ಇದ್ದಳು. ಅದಕ್ಕೂ ಹೊಟ್ಟೆ ಉರಿಯಿತು. ಫೋನ್ ತೆಗೆದಳು.

"ಶ್ರೀಯಾ, ನಿನ್ನ ಜೆಲ್ ತಗೊಂಡೆ ನಿನ್ನೆ. ಕೇಳ್ದೇನೇ."

"ಗೊತ್ತು ಡೀ. ಡಬ್ಬಿ ತುಂಬ ಬೇವಿನ ವಾಸ್ನೆ." ಅತ್ತ ಎಗ್ಮೋರ್ ರೈಲ್ವೆ ಸ್ಟೇಷನ್ನಿನ ಗದ್ದಲ ಕೇಳುತ್ತಿತ್ತು. "ಸ್ಪಿರಿಟ್ ಅಂತ ಡೌಟಾ?"

"ಹೂಂ. ಆದ್ರೆ ಸ್ಪಿರಿಟ್ ಅಲ್ಲ. ನಿಂದು ಇಪ್ಪತ್ತಾರೇ."

"ಇದನ್ನ ಹೇಳೋಕೆ ಫೋನ್ ಮಾಡಿದ್ಯಾ?"

"ಅಲ್ಲ. ಗುಂಡಿ ಹತ್ರ ಹತ್ರ ಕೊರೆದ್ಬಿಟ್ಟೆ. ನಿಂದೂ ನಂದೂ ನಡುವೆ ಸೇರ್ಕೊಂಡಿದೆ. ಸೇತುವೆ ಥರ."

"ಎಷ್ಟು ಅಗಲ?"

"ಬಂದು ನೀನೇ ಅಳೆ."

"ಎರಡೂ ಸೇರಿಸಿ ಒಂದೇ ಜೆಲ್ ಮಾಡಿದ್ರೆ..."

"ಮಾಡಿದ್ರೆ ಪೇಪರಲ್ಲಿ ಯಾರ ಹೆಸ್ರು ಮೊದ್ಲು?"

"ಅಷ್ಟರಲ್ಲೇ ಅದನ್ನೂ ಯೋಚ್ನೆ ಮಾಡ್ಬಿಟ್ಯಾ?"

"ನೀನ್ ಮಾಡಿಲ್ವಾ?"

"ಮಾಡ್ದೆ," ಎಂದಳು ಶ್ರೀಯಾ. "ಸರ್ ನಾಳೆ ಒಂಬತ್ತಕ್ಕೆ ಬರ್ತಾರೆ. ಎಂಟಕ್ಕೆ ಬಾ. ಜಗಳ ಆಡೋಕೆ ಒಂದು ಗಂಟೆ ಇರತ್ತೆ."

"ಏಳಕ್ಕೆ ಬಾ," ಎಂದಳು ಪಾವನಾ. "ಒಂದು ಗಂಟೆ ಸಾಲಲ್ಲ."