ಕಿತ್ತುಕೊಂಡು ಹೋಗಬಹುದಾದದ್ದು

ಹದಿನೆಂಟು ವರ್ಷ ನಾನು ಟಿವಿಯನ್ನು ನಿಂತುಕೊಂಡೇ ನೋಡಿದ್ದೇನೆ.

ಕುರುಗೋಡಿನ ನಮ್ಮ ಮನೆಯಲ್ಲಿ ಟಿವಿ ಇರುವುದು ಪಡಸಾಲೆಯಲ್ಲಿ. ಅದರೆದುರು ಮಾವ ದುರುಗಪ್ಪನವರ ಕುರ್ಚಿ. ಮಾವ ಕೂತಿರುವಾಗ ಸೊಸೆ ಅಲ್ಲಿ ಕೂರುವಂತಿಲ್ಲ. ನೆಲದ ಮೇಲೂ ಇಲ್ಲ, ಮೂಲೆಯಲ್ಲೂ ಇಲ್ಲ. ಅಡುಗೆಮನೆಯ ಬಾಗಿಲಲ್ಲಿ, ತಲೆ ಮೇಲೆ ಸೆರಗು ಹೊದ್ದು, ಎಷ್ಟು ಹೊತ್ತು ಬೇಕಾದರೂ ನಿಂತು ನೋಡಬಹುದು. ಅದನ್ನು ಯಾರೂ ಬೇಡ ಅಂದಿಲ್ಲ. ತೀರಿಹೋದ ನನ್ನ ಅತ್ತೆ ಜಂಬಮ್ಮ ಅಲ್ಲೇ ನಿಂತು ನೋಡಿದವರು. ಅವರ ಭುಜ ತಾಗಿ ತಾಗಿ ಬಾಗಿಲ ಚೌಕಟ್ಟಿನಲ್ಲಿ ಎಣ್ಣೆಗಪ್ಪು ಕಲೆಯಾಗಿದೆ. ಅದಕ್ಕಿಂತ ನಾಲ್ಕು ಬೆರಳು ಮೇಲೆ ಇನ್ನೊಂದು ಕಲೆ ಇದೆ. ಅದು ನನ್ನದು.

ಮಾವ ಕೆಟ್ಟವರಲ್ಲ. ಉಪ್ಪು ಹೆಚ್ಚಾಯಿತೆಂದು ಒಂದು ದಿನವೂ ತಟ್ಟೆ ಸರಿಸಿದವರಲ್ಲ. ಆದರೆ ನನ್ನ ಜೊತೆ ನೇರವಾಗಿ ಮಾತಾಡಿದವರೂ ಅಲ್ಲ. ನಾನು ಎರಡು ಮಾರು ದೂರದಲ್ಲಿ ನಿಂತಿದ್ದರೂ, "ಲೇ ಮಾರೇಶ, ನಿನ್ನ ಹೇಣ್ತಿಗೆ ನೀರು ತರಾಕ ಹೇಳು" ಅನ್ನುತ್ತಾರೆ. ಮಾರೇಶ ನನ್ನ ಗಂಡ. ಅವನು ಬಾಯಿ ತೆರೆಯುವಷ್ಟರಲ್ಲಿ ನಾನು ನೀರು ತಂದಿರುತ್ತೇನೆ. ಅವನು ಮನೆಯಲ್ಲಿಲ್ಲದ ದಿನ ಮಾವ ಗೋಡೆಗೆ ಹೇಳುತ್ತಾರೆ. ಗೋಡೆಯ ಪರವಾಗಿಯೂ ನಾನೇ ನೀರು ತರುತ್ತೇನೆ.

ನಾನು ದುಡಿಯುವುದು ಬಳ್ಳಾರಿಯಲ್ಲಿ, ಜೀನ್ಸ್ ಹೊಲಿಯುವ ಘಟಕದಲ್ಲಿ. ಹೊಲಿದು ಬಂದ ಪ್ಯಾಂಟುಗಳನ್ನು ಒಳಹೊರಗೆ ತಿರುಗಿಸಿ ಎಲ್ಲಿ ಹೊಲಿಗೆ ಬಿಟ್ಟಿದೆ ನೋಡುವ ಕೆಲಸ. ಮೇಜು ಎದೆಮಟ್ಟ ಇರುತ್ತದೆ, ಕುರ್ಚಿ ಇರುವುದಿಲ್ಲ. ಬೆಳಿಗ್ಗೆ ಏಳೂಕಾಲರ ಬಸ್ಸಿನಲ್ಲಿ ಸೀಟು ಸಿಕ್ಕರೆ ಕೂತಂತೆ, ಇಲ್ಲದಿದ್ದರೆ ಅದೂ ಇಲ್ಲ. ಹೋದ ವರ್ಷ ಮೀನಖಂಡದಲ್ಲಿ ನರಗಳು ಎರೆಹುಳದಂತೆ ಉಬ್ಬಿದವು. ಡಾಕ್ಟರಮ್ಮ, "ನಿಲ್ಲೋದು ಕಡಿಮಿ ಮಾಡಬೇಕಮ್ಮ" ಅಂದಳು. ಎಲ್ಲಿ ಕಡಿಮೆ ಮಾಡಲಿ ಎಂದು ಯೋಚಿಸಿದೆ. ಘಟಕದಲ್ಲಿ ಆಗುವುದಿಲ್ಲ. ಬಸ್ಸು ನನ್ನ ಕೈಯಲ್ಲಿಲ್ಲ. ಉಳಿದದ್ದು ಮನೆ.

ಊಟದ ಹೊತ್ತಿನಲ್ಲಿ ಹುಡುಗಿಯರು ನೆಟ್‌ನಲ್ಲಿ ಬರುವ ಕಥೆಗಳ ಬಗ್ಗೆ ಮಾತಾಡುತ್ತಿದ್ದರು. ಫೋನಿನಲ್ಲೇ ನೋಡಕ್ಕಾ ಅಂದರು. ಆರಿಂಚಿನ ಪರದೆ ಹಿಡಿದು ಒಲೆಯ ಹಿಂದೆ ಅವಿತು ನೋಡಲು ನಾನೇನು ಕಳ್ಳತನ ಮಾಡುತ್ತಿದ್ದೇನೆಯೇ? ಮನೆಯಲ್ಲಿ ದೊಡ್ಡ ಟಿವಿ ಇದೆ. ಆ ಮನೆ ನನ್ನದೂ ಹೌದು.

ಒಂದು ಶನಿವಾರ ಕೆಲಸ ಬೇಗ ಬಿಟ್ಟಿತು. ಸತ್ಯನಾರಾಯಣಪೇಟೆಯಲ್ಲಿ ವೆಂಕಣ್ಣನ ಟಿವಿ ಸಾಮಾನಿನ ಅಂಗಡಿಗೆ ಹೋದೆ. ವೆಂಕಣ್ಣ ಒಳ್ಳೆಯ ವ್ಯಾಪಾರಿ, ಅಂದರೆ ಮೊದಲು ದೊಡ್ಡದನ್ನೇ ತೋರಿಸುವವನು.

"ಇದು ನೋಡಮ್ಮ, ಹೊಸಾ ಟಿವಿ. ನೆಟ್ ಒಳಗ ಐತಿ. ಗ್ವಾಡಿಗೆ ಹೊಡದು ಕೊಡಾಕ ನಮ್ಮ ಮಂದೀನ ಬರ್ತಾರ."

"ಗ್ವಾಡಿಗೆ ಹೊಡದ್ರ ಮುಗೀತು. ಪಡಸಾಲಿ ಗ್ವಾಡಿ ನಮ್ಮ ಮಾವಂದು. ಬ್ಯಾಡ."

"ಹಂಗಾದ್ರ ಈ ಬಾಕ್ಸು. ಛತ್ತಿನ ಮ್ಯಾಲೆ ಡಿಶ್ ಕುಂದರಸ್ತೀವಿ. ಚಾನಲ್ಲೂ ಬರ್ತಾವ, ಸಿನಿಮಾನೂ ಬರ್ತಾವ. ಮನಿ ಯಜಮಾನ್ರ ಹೆಸರು ಹೇಳಮ್ಮ, ಬರಕಂತೀನಿ."

"ಯಜಮಾನ್ರ ಹೆಸರು ಬರಿಯೋದಿದ್ರ ಅದೂ ಬ್ಯಾಡ. ಅಲ್ಲಿ ಹೆಬ್ಬೆಟ್ಟಿನ ಗಾತ್ರದ್ದು ಒಂದು ಐತೆಲ್ಲ, ಅದೇನು?"

ವೆಂಕಣ್ಣ ಗಾಜಿನ ಪೆಟ್ಟಿಗೆಯಿಂದ ಬೇಸರದಲ್ಲೇ ಅದನ್ನು ತೆಗೆದ. ಸ್ಟಿಕ್ಕು ಅಂದ. ಟಿವಿಯ ಹಿಂದೆ ಒಂದು ತೂತು ಇರುತ್ತದೆ, ಅದಕ್ಕೆ ಚುಚ್ಚಬೇಕು. ಫೋನಿನ ನೆಟ್ ಕೊಟ್ಟರೆ ಸಾಕು, ನಡೆಯುತ್ತದೆ.

"ಇದನ್ನ ಕಿತ್ತಿಕೊಂಡು ಹೋಗಬೌದಾ?" ಎಂದು ಕೇಳಿದೆ.

"ಎಲ್ಲಿಗೆ?"

"ಎಲ್ಲಿಗ್ಯಾದ್ರೂ. ಬ್ಯಾರೆ ಮನಿಗೆ."

"ಅಂಥಾ ತೂತು ಇರೋ ಯಾವ ಟಿವಿಗಾದ್ರೂ ಚುಚ್ಚಬೌದು." ವೆಂಕಣ್ಣ ಕನ್ನಡಕ ತೆಗೆದು ನನ್ನನ್ನು ನೋಡಿದ. "ಎಲ್ಲಾರೂ ಏನೇನು ಬರ್ತಾವ ಅಂತ ಕೇಳ್ತಾರಮ್ಮ. ಕಿತ್ತಾಕ ಬರ್ತೈತಾ ಅಂತ ಕೇಳಿದಾಕಿ ನೀನ ಮೊದಲ್ನೇಕಿ."

"ಎಲ್ಲಾರಿಗೂ ಕುಂದ್ರಾಕ ಜಾಗ ಐತಿ, ಅದಕ್ಕ" ಅಂದೆ. ಅವನಿಗೆ ಅರ್ಥವಾಗಲಿಲ್ಲ. ಚಹಾ ಮಾತ್ರ ತರಿಸಿದ.

ಮನೆಗೆ ತಂದು ನಾನೇ ಚುಚ್ಚಿದೆ. ಮಾವ ಒಂದು ವಾರ ಅದರ ಕಡೆ ತಿರುಗಿ ನೋಡಲಿಲ್ಲ. ಎರಡನೆಯ ವಾರ ತೆಲುಗಿನಲ್ಲಿ ಒಂದು ಕಥೆ ಹಾಕಿದೆ. ಸಮುದ್ರದ ದಂಡೆಯ ಊರಿನಲ್ಲಿ ದೋಣಿಗಳ ಯಜಮಾನನೊಬ್ಬನ ಕೊಲೆಯಾಗಿರುತ್ತದೆ, ಮನೆಯವರೆಲ್ಲರ ಮೇಲೂ ಅನುಮಾನ. ಒಟ್ಟು ಎಂಟು ಭಾಗ. ಮಾವ ಹುಡುಗರಾಗಿದ್ದಾಗ ಗಡಿಯಾಚೆ ಹತ್ತಿ ವ್ಯಾಪಾರಕ್ಕೆ ಓಡಾಡಿದವರು, ತೆಲುಗು ನೀರು ಕುಡಿದಷ್ಟು ಸಲೀಸು. ಮೊದಲ ಭಾಗ ಮುಗಿಯುವಷ್ಟರಲ್ಲಿ ಕುರ್ಚಿ ಒಂದು ಮಾರು ಮುಂದೆ ಬಂದಿತ್ತು. ಮಾರನೆಯ ಸಂಜೆ ನಾನು ಬಸ್ಸಿಳಿದು ಬರುವುದನ್ನೇ ಕಾಯುತ್ತಿದ್ದರು.

"ಲೇ ಮಾರೇಶ, ನಿನ್ನ ಹೇಣ್ತಿಗೆ ಅದನ್ನ ಹಚ್ಚಾಕ ಹೇಳು."

ಹಚ್ಚಿದೆ. ರಿಮೋಟು ನನ್ನ ಕೈಯಲ್ಲಿ, ನೆಟ್ ನನ್ನ ಫೋನಿಂದ, ಸ್ಟಿಕ್ಕು ನನ್ನ ದುಡಿಮೆಯದು. ನಾನು ಮಾತ್ರ ಬಾಗಿಲಲ್ಲಿ. "ಸ್ವಲ್ಪ ಹಿಂದಕ ಮಾಡು ಅಂತ ಹೇಳು, ಆ ಮಾತು ಕೇಳಿಸಲಿಲ್ಲ" ಅನ್ನುವರು. ಹಿಂದಕ್ಕೆ ಮಾಡುವೆ. ಹೀಗೆ ಆರು ಭಾಗ ನೋಡಿದೆವು.

ಏಳನೆಯದರ ದಿನ ಘಟಕದಲ್ಲಿ ಎರಡು ತಾಸು ಹೆಚ್ಚಿಗೆ ನಿಲ್ಲಿಸಿಕೊಂಡಿದ್ದರು. ಬಸ್ಸಿನಲ್ಲೂ ನಿಂತೇ ಬಂದೆ. ರೊಟ್ಟಿ ಬಡಿದಿಟ್ಟು ಕಥೆ ಹಚ್ಚಿದೆ. ಬಾಗಿಲಿಗೆ ಭುಜ ಕೊಟ್ಟೆ. ಕಾಲು ನನ್ನದಲ್ಲ ಎನ್ನುವಂತೆ ಜುಮುಗುಡುತ್ತಿತ್ತು. ಆಗ ನಾನು ದೊಡ್ಡದೇನನ್ನೂ ಯೋಚಿಸಲಿಲ್ಲ. ಹೊಸ್ತಿಲು ದಾಟಿ ಪಡಸಾಲೆಗೆ ಬಂದು, ಗೋಡೆಗೆ ಬೆನ್ನು ಕೊಟ್ಟು, ಕಾಲು ಚಾಚಿ ಕೂತೆ. ಅಷ್ಟೇ.

ಮಾವ ಕೆಮ್ಮಿದರು. ನಾನು ಟಿವಿ ನೋಡುತ್ತಿದ್ದೆ. ಇನ್ನೊಮ್ಮೆ ಕೆಮ್ಮಿದರು.

"ಲೇ ಮಾರೇಶ. ಪಡಸಾಲ್ಯಾಗ ಏನೋ ಕುಂತಂಗ ಐತಿ. ಏಳಾಕ ಹೇಳು."

ಮಾರೇಶ ತಟ್ಟೆಯಿಂದ ತಲೆ ಎತ್ತಲಿಲ್ಲ. "ಕಾಲು ನೋಯ್ತಾವ ಅಂತಪ್ಪ ಆಕಿಗೆ."

"ನೋಯ್ತಿದ್ರ ಒಳಗ ಹೋಗಿ ಮಲಗಲಿ. ನಿಮ್ಮವ್ವ ಒಂದು ದಿನ ನನ್ನೆದುರು ಕುಂತಿದ್ದಳೇನು?"

ಅತ್ತೆಯ ಮಾತು ಬರದಿದ್ದರೆ ನಾನು ಸುಮ್ಮನೆ ಒಳಗೆ ಹೋಗುತ್ತಿದ್ದೆನೇನೋ. ಕೊನೆಯ ವರ್ಷ ಅತ್ತೆಯ ಕಾಲಿಗೆ ಎಣ್ಣೆ ತಿಕ್ಕಿದವಳು ನಾನು. ಅವರಿಗೂ ಇದೇ ನರ, ಇದೇ ಹುಳ. ನಾನು ಎದ್ದೆ. ಎದ್ದವಳು ಬಾಗಿಲಿಗೆ ಹೋಗಲಿಲ್ಲ, ಟಿವಿಯ ಹಿಂದೆ ಹೋದೆ. ಸ್ಟಿಕ್ಕು ಕಿತ್ತೆ. ಪರದೆ ನೀಲಿಯಾಯಿತು. ಸ್ಟಿಕ್ಕು, ವೈರು, ರಿಮೋಟು ಮೂರನ್ನೂ ಸೆರಗಿಗೆ ಕಟ್ಟಿಕೊಂಡು, ಚಪ್ಪಲಿ ಮೆಟ್ಟಿ ಹೊರಗೆ ನಡೆದೆ.

"ಎಲ್ಲಿಗೆ ಹೊಂಟ್ಳಲೇ ಇಕಿ?"

"ಕುಂದ್ರಾಕ ಹೊಂಟೀನಿ" ಅಂದೆ. ಮಾವನಿಗೆ ನೇರವಾಗಿ ನಾನು ಹೇಳಿದ ಮೊದಲ ಮಾತು ಅದು.

ಮೂರು ಮನೆ ಆಚೆ ಅಂಬಮ್ಮ ಇರುತ್ತಾಳೆ. ಗಂಡ ಇಲ್ಲ, ಮಾವ ಇಲ್ಲ, ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಂಗಸರನ್ನು ಕಟ್ಟಿಕೊಂಡು ದುಡಿಯುವವಳು. ಅವಳ ಟಿವಿಯ ಹಿಂದೆ ಅಂಥದೇ ತೂತು ಇದೆಯೆಂದು ನಾನು ಮೊದಲೇ ನೋಡಿಟ್ಟಿದ್ದೆ. ವಿಷಯ ಕೇಳಿ ಅವಳು ಹೊಟ್ಟೆ ಹಿಡಿದು ನಕ್ಕಳು.

"ಗಂಡನ ಮನಿ ಬಿಟ್ಟು ಬಂದೋರು ಸೀರಿ ಗಂಟು ತರ್ತಾರ. ನೀ ಸಿನಿಮಾ ಗಂಟು ತಂದೀಯಲ್ಲೇ!"

"ಬಿಟ್ಟು ಬಂದಿಲ್ಲ ಬೇ. ರಾತ್ರಿ ಅಡಿಗಿ ಮಾಡಿಟ್ಟೇ ಬಂದೀನಿ."

ನಾಲ್ಕನೆಯ ದಿನಕ್ಕೆ ಅಂಬಮ್ಮನ ಮನೆಯಲ್ಲಿ ಒಂಬತ್ತು ಹೆಂಗಸರು. ಕೆಲವರು ಕಾಲು ಚಾಚಿ, ಕೆಲವರು ಒಬ್ಬರ ತೊಡೆಯ ಮೇಲೆ ಒಬ್ಬರು ತಲೆ ಇಟ್ಟು. ನಮ್ಮ ಓಣಿಯಲ್ಲಿ ಇಷ್ಟು ಜನ ಹೆಂಗಸರು ಒಟ್ಟಿಗೆ ಕೂತಿದ್ದನ್ನು ನಾನು ಸಾವಿನ ಮನೆಯಲ್ಲಿ ಮಾತ್ರ ನೋಡಿದ್ದೆ. ನಾನು ದಿನಾ ಹೊತ್ತಿಗೆ ಸರಿಯಾಗಿ ಅಡುಗೆ ಮಾಡುತ್ತಿದ್ದೆ, ಮಾವನ ತಟ್ಟೆ ಬಡಿಸುತ್ತಿದ್ದೆ, ಆಮೇಲೆ ಹೋಗುತ್ತಿದ್ದೆ. ಕೆಲಸದಲ್ಲಿ ಕೊರತೆ ಮಾಡಿ ಹಠ ಮಾಡಿದರೆ ಜನ ಕೊರತೆಯ ಬಗ್ಗೆ ಮಾತಾಡುತ್ತಾರೆ, ಹಠದ ಬಗ್ಗೆ ಅಲ್ಲ.

ನನಗೆ ಒಂದೇ ಭಯವಿತ್ತು. ಇನ್ನೊಂದು ಸ್ಟಿಕ್ಕು ತರಿಸಿದರೆ ಮಾವ ಗೆದ್ದಂತೆ. ಅವರಿಗೂ ಅದು ಹೊಳೆಯಿತು.

"ಲೇ ಮಾರೇಶ, ಅಂಥದ್ದೇ ಒಂದು ನಮಗೂ ತಗೊಂಬಾ. ಆಕಿ ಹಂಗು ಯಾಕ?"

ಮಾರೇಶ ಲಾರಿಯಲ್ಲಿ ಭತ್ತ ತುಂಬಿಕೊಂಡು ಸಿರುಗುಪ್ಪದ ಮಿಲ್ಲುಗಳಿಗೆ ಹೋಗುವವನು. ಎರಡು ದಿನ ಬಿಟ್ಟು ಕೈ ಬೀಸಿಕೊಂಡು ಬಂದ.

"ಸಿಗಲಿಲ್ಲಪ್ಪ. ಸಿರುಗುಪ್ಪದಾಗ ಅಡ್ಡಾಡಿ ಕೇಳಿದೆ. ಬಳ್ಳಾರ್ಯಾಗೂ ಇಲ್ಲಂತ, ವೆಂಕಣ್ಣನ ಅಂಗಡ್ಯಾಗೂ ಖಾಲಿ ಅಂತ."

ಮರುದಿನ ಕೆಲಸ ಬಿಟ್ಟ ಮೇಲೆ ನಾನು ಸತ್ಯನಾರಾಯಣಪೇಟೆಯ ಮೂಲಕವೇ ಬಸ್ ನಿಲ್ದಾಣಕ್ಕೆ ನಡೆದೆ. ವೆಂಕಣ್ಣನ ಗಾಜಿನ ಪೆಟ್ಟಿಗೆಯಲ್ಲಿ ಸ್ಟಿಕ್ಕುಗಳು ಸಾಲಾಗಿ ಮಲಗಿದ್ದವು. ನಮ್ಮ ಮನೆಯವರು ಬಂದಿದ್ದರಾ ಎಂದು ಕೇಳಿದೆ. "ಯಾರೂ ಬಂದಿಲ್ಲಮ್ಮ" ಅಂದ. ಮಾರೇಶ ತಂದೆಯ ಎದುರು ದನಿ ಎತ್ತುವ ಗಂಡಸಲ್ಲ, ಎತ್ತು ಎಂದು ನಾನೂ ಹೇಳುವವಳಲ್ಲ. ಆ ದಿನ ಅವನಿಗೆ ಇಷ್ಟವಾದ ಮಿರ್ಚಿ ಬಜ್ಜಿ ಕಟ್ಟಿಸಿಕೊಂಡು ಹೋದೆ. ಯಾಕೆಂದು ಅವನು ಕೇಳಲಿಲ್ಲ, ನಾನು ಹೇಳಲಿಲ್ಲ.

ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಮಾವ ಕೈ ತೊಳೆಯದೆ ಕೂತಿದ್ದರು.

"ಲೇ ಮಾರೇಶ, ಆ ಕೊಲಿ ಮಾಡಿದಾವ ಯಾರಂತ ಕೇಳು."

"ನೀನ ಕೇಳಪ್ಪ. ಇಲ್ಲೇ ಅದಾಳಲ್ಲ."

ನಾನು ತಟ್ಟೆ ಎತ್ತಲು ಬಗ್ಗಿದವಳು ಹಾಗೇ ಇದ್ದೆ.

"ಏನವ್ವಾ," ಎಂದರು ಮಾವ. ಗೋಡೆಗಲ್ಲ, ನನಗೇ. "ಆ ಯಜಮಾನನ ತಮ್ಮನೇ ಹೌದಲ್ಲ ಕೊಂದಾವ? ದೋಣಿ ಆಸಿಗೆ?"

"ಹೇಳಾಂಗಿಲ್ಲ ಮಾವಾರ. ಅದು ಕೇಳೂದಲ್ಲ, ನೋಡೂದು. ನೀವು ಕುರ್ಚ್ಯಾಗ ಕುಂತು ನೋಡ್ರಿ, ನಾನು ನೆಲದ ಮ್ಯಾಲೆ ಕುಂತು ನೋಡ್ತೀನಿ. ನಿಂತ್ಕೊಂಡು ಮಾತ್ರ ನಾ ಇನ್ನ ನೋಡಾಂಗಿಲ್ಲ."

"ಜನ ಏನಂದಾರು?"

"ಜನ ಎಲ್ಲಾ ಅಂಬಮ್ಮನ ಮನ್ಯಾಗ ಕುಂತಾರ್ರಿ."

ಮಾರೇಶನಿಗೆ ಕೆಮ್ಮು ಬಂತು. ಮಾವ ಅವನನ್ನು ದುರುಗುಟ್ಟಿ ನೋಡಿ, ಎದ್ದು ಕೈ ತೊಳೆದುಕೊಂಡು ಬಂದರು. ಕುರ್ಚಿಯನ್ನು ಎತ್ತಿ ಟಿವಿಗೆ ಹತ್ತಿರ, ಸ್ವಲ್ಪ ಓರೆಯಾಗಿ ಇಟ್ಟುಕೊಂಡು ಕೂತರು. ಈಗ ಅವರ ಬೆನ್ನು ನಾನು ಅವತ್ತು ಒರಗಿ ಕೂತಿದ್ದ ಗೋಡೆಯ ಕಡೆಗಿತ್ತು. ಅಲ್ಲಿ ಯಾರು ಕೂತರೂ ಅವರಿಗೆ ಕಾಣುವುದಿಲ್ಲ. ಕಾಣದಿದ್ದರೆ ಎದುರು ಕೂತಂತೆ ಆಗುವುದಿಲ್ಲ. ಎಪ್ಪತ್ತೆರಡರ ವಯಸ್ಸಿನಲ್ಲಿ ಅವರು ಇಷ್ಟು ದಾರಿ ಹುಡುಕಿಕೊಂಡರಲ್ಲ, ಇರಲಿ. ನನಗೆ ಬೇಕಾಗಿದ್ದದ್ದು ಕೂರುವ ಜಾಗ, ಅವರ ಕುರ್ಚಿಯಲ್ಲ.

ಸ್ಟಿಕ್ಕು ಮತ್ತೆ ಚುಚ್ಚಿ, ಅದೇ ಗೋಡೆಗೆ ಬೆನ್ನು ಕೊಟ್ಟು ಕಾಲು ಚಾಚಿ ಕೂತೆ. ಏಳನೆಯ ಭಾಗ ಮುಗಿದು ಎಂಟನೆಯದು ಅರ್ಧ ಆಗಿತ್ತು. ಆಗ ತಲೆಬಾಗಿಲಿಗೆ ಎರ್ರಣ್ಣನವರು ಬಂದರು. ಮಾವನ ಗೆಳೆಯರು, ಊರಿನ ಹಿರಿಯರು, ನಾಲ್ಕು ಜನರಿಗೆ ನ್ಯಾಯ ಹೇಳುವವರು. ಅವರ ಕಣ್ಣು ಮೊದಲು ಬಿದ್ದದ್ದು ನನ್ನ ಚಾಚಿದ ಕಾಲುಗಳ ಮೇಲೆ.

ಹದಿನೆಂಟು ವರ್ಷದ ರೂಢಿ ನನ್ನ ಅಂಗೈಯನ್ನು ನೆಲಕ್ಕೆ ಊರಿಸಿತು. ಮೊಣಕಾಲು ಮಡಚಿತು. ಸೊಂಟ ಮೇಲೇಳಲು ಸಿದ್ಧವಾಯಿತು. ನಾನು ಅದನ್ನು ಹಿಡಿದು ಕೂರಿಸಿದೆ. ಕಾಲು ಮತ್ತೆ ಚಾಚಿದೆ. ಸೆರಗು ಸರಿಮಾಡಿಕೊಂಡು, "ಬರ್ರಿ ಕಾಕಾರ" ಅಂದೆ, ಕೂತಲ್ಲಿಂದಲೇ.

ಎರ್ರಣ್ಣ ನನ್ನನ್ನು ಬಿಟ್ಟು ಮಾವನನ್ನು ನೋಡಿದರು. "ಏನೋ ದುರುಗಪ್ಪ, ಏನಿದು ನಿನ್ನ ಮನ್ಯಾಗ?"

ಮಾವ ಹಿಂದೆ ತಿರುಗಲಿಲ್ಲ. ಅವರ ಕಿವಿಯ ತುದಿ ಕೆಂಪಾದದ್ದು ನನಗೆ ಕಂಡಿತು.

"ಬಂದ್ರ ಸುಮ್ಮ ಕುಂದ್ರೋ ಎರ್ರಣ್ಣ," ಅಂದರು. "ನಿಂತ್ಕೊಂಡ್ರ ಬೆಳಕಿಗೆ ಅಡ್ಡ ಆಗ್ತೈತಿ. ಕೊಂದಾವ ಇನ್ನೇನು ಸಿಗೋ ಹೊತ್ತು."

ಎರ್ರಣ್ಣ ಸುತ್ತ ನೋಡಿ, ಇನ್ನೊಂದು ಕುರ್ಚಿ ಕಾಣದೆ, ಪಂಚೆ ಮಡಚಿಕೊಂಡು ಗೋಡೆಯ ಆಚೆ ತುದಿಗೆ ನೆಲದ ಮೇಲೆ ಕೂತರು. ಕೊಂದವನು ತಮ್ಮನಲ್ಲ. ಮಾವ ತೊಡೆ ತಟ್ಟಿಕೊಂಡು, "ಥೋ! ಮನಿ ಹಾಳಾಗ!" ಎಂದು ಬೈದು, "ಸ್ವಲ್ಪ ಹಿಂದಕ ಮಾಡವ್ವಾ, ಇನ್ನೊಂದು ಸಲ ನೋಡಾಮು" ಅಂದರು.

ಹಿಂದಕ್ಕೆ ಮಾಡಿದೆ.