ಬೇಲಿಯಲ್ಲಿ ಹದಿಮೂರು ಸೆಂಟಿಮೀಟರ್

ಇಂಗ್ಲೆಂಡಿನ ಸಟನ್ ಕೋಲ್ಡ್‌ಫೀಲ್ಡಿನಲ್ಲಿ ಜಿಪಿ, ಅಂದರೆ ಕುಟುಂಬ ವೈದ್ಯೆ, ಆಗಿರುವ ಡಾಕ್ಟರ್ ಶಿವಗಂಗಾ ಮೇ ತಿಂಗಳ ಒಂದು ಶನಿವಾರ ಬೆಳಿಗ್ಗೆ ಮೆಂತ್ಯ ಸೊಪ್ಪು ಕೀಳಲು ಹಿತ್ತಲಿಗೆ ಹೋದರು. ಪಾರಿವಾಳ ಬರದಿರಲೆಂದು ಪಾತಿಗೆ ಹೊದಿಸಿದ್ದ ಬಲೆಯಲ್ಲಿ ಮುಳ್ಳಿನ ಉಂಡೆಯೊಂದು ಸಿಕ್ಕಿಕೊಂಡು ಏದುಸಿರು ಬಿಡುತ್ತಿತ್ತು.

ಗಂಡ ಚಿದಾನಂದ ಕೂಡ ಡಾಕ್ಟರೇ; ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮುಗಿಸಿ ಬಂದು ಆಗಷ್ಟೇ ಮಲಗಿದ್ದರು.

“ರೀ, ಏಳ್ರಿ. ಹಿತ್ತಲದಾಗ ಮುಳ್ಳುಹಂದಿ ಸಿಕ್ಕೊಂಡದ.”

“ಈ ದೇಶದಾಗ ಮುಳ್ಳುಹಂದಿ ಇಲ್ಲ. ಅದು ಹೆಡ್ಜ್‌ಹಾಗ್,” ಎಂದರು ಚಿದಾನಂದ, ಕಣ್ಣು ತೆರೆಯದೆ.

“ಹೆಸರು ಆಮ್ಯಾಲೆ ನೋಡೋಣು. ಕತ್ತರಿ ತರ್ರಿ.”

ಎಳೆ ಎಳೆಯಾಗಿ ಬಲೆ ಬಿಡಿಸಲು ಮುಕ್ಕಾಲು ಗಂಟೆ ಹಿಡಿಯಿತು. ಹಿಂಗಾಲಿನಲ್ಲಿ ನೈಲಾನ್ ದಾರ ಆಳಕ್ಕೆ ಇಳಿದಿತ್ತು. ಮನುಷ್ಯರಾಗಿದ್ದರೆ ಏನು ಮಾಡಬೇಕೆಂದು ಇಬ್ಬರಿಗೂ ಗೊತ್ತಿತ್ತು, ಇದಕ್ಕೆ ಗೊತ್ತಿರಲಿಲ್ಲ. ಕೊನೆಗೆ ಅದನ್ನು ರಟ್ಟಿನ ಡಬ್ಬಿಯಲ್ಲಿಟ್ಟು, ಗಾಯಗೊಂಡ ಹೆಡ್ಜ್‌ಹಾಗ್‌ಗಳನ್ನು ಮನೆಯಲ್ಲೇ ಆರೈಕೆ ಮಾಡುವ ಮೊರೀನ್ ಎಂಬಾಕೆಯ ಬಳಿ ಒಯ್ದರು.

ಮೊರೀನ್ ತೂಕ ಮಾಡಿದರು. ಆರುನೂರ ಹತ್ತು ಗ್ರಾಂ. ಹೆಣ್ಣು.

“ಮೂರು ವಾರ ಇಲ್ಲಿರಲಿ. ಆಮೇಲೆ ನಿಮ್ಮ ತೋಟದಲ್ಲೇ ಬಿಡಬೇಕು. ಆದರೆ ತೋಟ ನೋಡದೆ ನಾನು ಬಿಡೋದಿಲ್ಲ.”

ಮೊರೀನ್ ಷರತ್ತುಗಳನ್ನು ಹೇಳಿದರು. ಬಲೆ ನೆಲದಿಂದ ಒಂದು ಗೇಣು ಮೇಲಿರಬೇಕು. ಬಸವನಹುಳಕ್ಕೆ ಹಾಕುವ ವಿಷದ ಕಾಳು ಇರಕೂಡದು. ಕುಡಿಯಲು ನೀರು ಇಡಬೇಕು, ಹಾಲಲ್ಲ. ಹಿತ್ತಲಿನ ಪುಟ್ಟ ಕೊಳಕ್ಕೆ ಬಿದ್ದರೆ ಹತ್ತಿ ಬರಲು ಹಲಗೆ ಬೇಕು. ಹಿತ್ತಲ ಹಿಂದಿನ ಪೊದೆಯಡಿ ನುಸುಳಿ ಬಂದ ಹೆಡ್ಜ್‌ಹಾಗ್ ಪಕ್ಕದ ತೋಟಕ್ಕೂ ಹೋಗುವಂತೆ ನಡುವಿನ ಬೇಲಿಯಲ್ಲಿ ಹದಿಮೂರು ಸೆಂಟಿಮೀಟರ್ ಚೌಕದ ಕಿಂಡಿ ಬೇಕು.

ಶಿವಗಂಗಾ ಇದಕ್ಕೊಂದು ಫೈಲು ಮಾಡಿದರು. ವಾರದೊಳಗೆ ಎಲ್ಲ ಮುಗಿಯಿತು, ಬೇಲಿಯೊಂದನ್ನು ಬಿಟ್ಟು. ಅದು ಪಕ್ಕದ ಮನೆಯ ಹ್ಯಾರಪ್ ಅವರದು. ಎರಡು ವರ್ಷದ ಹಿಂದೆ ಚಿದಾನಂದ ಅದಕ್ಕೆ ತಮ್ಮ ಕಡೆಯಿಂದ ಕೆಮ್ಮಣ್ಣಿನ ಬಣ್ಣ ಬಳಿದಿದ್ದರು. ಬಣ್ಣ ಸಂದಿಯಲ್ಲಿ ಆಚೆಗೂ ಇಳಿದಿತ್ತು. ಅಂದಿನಿಂದ ಎರಡೂ ಮನೆಗೆ ಮಾತಿಲ್ಲ.

“ನೀವ ಹೋಗ್ರಿ. ಬಣ್ಣ ಹಚ್ಚಿದವರು ನೀವು.”

“ಅದಕ್ಕ ನಾ ಹೋಗಬಾರದು,” ಎಂದರು ಚಿದಾನಂದ.

ಶಿವಗಂಗಾ ಹೋಗಿ, ಮೊದಲು ಬಣ್ಣದ ಬಗ್ಗೆ ಕ್ಷಮೆ ಕೇಳಿದರು. ಎಂಬತ್ತರ ಹತ್ತಿರದ ಹ್ಯಾರಪ್ ಬಾಗಿಲಲ್ಲಿ ನಿಂತೇ ಕೇಳಿಸಿಕೊಂಡರು.

“ಈಗ ಆ ಕಡೆಯಿಂದ ಇನ್ನೇನು ಬರುತ್ತೆ?”

“ಹೆಡ್ಜ್‌ಹಾಗ್.”

ಅವರು ಬಾಗಿಲನ್ನು ಪೂರ್ತಿ ತೆರೆದು, ಒಳಗೆ ಬನ್ನಿ ಎಂದರು. ಟೀ ಮಾಡಿಕೊಟ್ಟ ಮೇಲೆ ಮಾತಾಡಿದರು.

“ನನ್ನ ಹೆಂಡತಿ ಜೋನ್ ದಿನಾ ಸಂಜೆ ಅವಕ್ಕೆ ಊಟ ಇಡುತ್ತಿದ್ದಳು. ಅವಳು ತೀರಿಕೊಂಡ ವರ್ಷ ಗಾಳಿಗೆ ಹಳೆ ಬೇಲಿ ಬಿತ್ತು. ಬುಡಕ್ಕೆ ಕಾಂಕ್ರೀಟ್ ಹಲಗೆ ಕೊಟ್ಟು ಗಟ್ಟಿಯಾಗಿ ಹಾಕಿಸಿದೆ. ಆಮೇಲೆ ಒಂದೂ ಬರಲಿಲ್ಲ. ಅವಳಿಲ್ಲ ಅಂತ ಬರುತ್ತಿಲ್ಲ ಅಂದುಕೊಂಡಿದ್ದೆ.”

ಶಿವಗಂಗಾ ರೋಗಿಗಳ ಎದುರು ಕೂರುವಂತೆ ಕೂತಿದ್ದರು.

“ಎಷ್ಟು ಅಗಲ ಅಂದಿರಿ?” ಎಂದರು ಹ್ಯಾರಪ್.

ಭಾನುವಾರ ಅವರೇ ಡ್ರಿಲ್ ತಂದರು. ಕಾಂಕ್ರೀಟು ಮಧ್ಯಾಹ್ನದವರೆಗೂ ಬಗ್ಗಲಿಲ್ಲ. ಚಿದಾನಂದ ಈಚೆ ಕಡೆ ಮೊಣಕಾಲೂರಿ, ಧೂಳು ಏಳದಿರಲೆಂದು ನೀರು ಚಿಮುಕಿಸುತ್ತಿದ್ದರು. ಬಣ್ಣದ ಮಾತು ಯಾರೂ ಎತ್ತಲಿಲ್ಲ. ಊಟದ ಹೊತ್ತಿಗೆ ಕಿಂಡಿಯಲ್ಲಿ ಹ್ಯಾರಪ್ ಅವರ ಬೂಟು ಕಂಡಿತು.

ಜೂನಿನಲ್ಲಿ ಮೊರೀನ್ ಬಂದು, ಕಿಂಡಿಯನ್ನು ಅಳೆದು, ಕೊಳದ ಹಲಗೆಯನ್ನು ಅಲ್ಲಾಡಿಸಿ ನೋಡಿ, ಸಂಜೆ ಹೊತ್ತಿಗೆ ಡಬ್ಬಿ ತೆರೆದರು. ಹೆಡ್ಜ್‌ಹಾಗ್ ನೀರಿನ ಬಟ್ಟಲನ್ನು ಮೂಸಿತು. ಶಿವಗಂಗಾ ಒಣ ಎಲೆ ತುಂಬಿ ಸಿದ್ಧಮಾಡಿದ್ದ ಮರದ ಗೂಡನ್ನು ದಾಟಿ, ನೇರ ಬೇಲಿಯ ಕಿಂಡಿಯಲ್ಲಿ ನುಗ್ಗಿ ಹ್ಯಾರಪ್ ಅವರ ತೋಟಕ್ಕೆ ಹೋಯಿತು.

“ಇಷ್ಟೆಲ್ಲಾ ಮಾಡಿದವರು ನಾವು,” ಎಂದರು ಚಿದಾನಂದ.

“ಇರ್ಲಿ ಬಿಡ್ರಿ.”

ಆಚೆ ಕಡೆ ಕುರ್ಚಿ ಎಳೆದ ಸದ್ದಾಯಿತು. ಆಮೇಲೆ ಹ್ಯಾರಪ್ ಮೆಲ್ಲಗೆ ಯಾರೊಂದಿಗೋ ಮಾತಾಡತೊಡಗಿದ್ದು ಕೇಳಿಸಿತು. ಗಂಡ ಹೆಂಡತಿ ಸದ್ದು ಮಾಡದೆ ಒಳಗೆ ಹೋದರು.