ವತಿಸೋನಿಯ ಪಾಲಿನ ಯಂಗೋನಾ

ನನ್ನ ಗಂಡ ವತಿಸೋನಿಯಷ್ಟು ಒಳ್ಳೆಯ ಯಂಗೋನಾ ಬೆಳೆಯುವವರು ಇಡೀ ಫಿಜಿಯಲ್ಲೇ ಇಲ್ಲ ಅಂತ ಇವರದೇ ಜಂಬ. ಜಂಬ ಸುಳ್ಳೇನಲ್ಲ. ಇವರು ಬೆಳೆದ ಆ ಗಿಡದ ಬೇರು ಒಣಗಿಸಿ, ಕುಟ್ಟಿ, ನೀರಲ್ಲಿ ಹಿಂಡಿ ಕುಡಿದರೆ ಮೈ ಸಡಿಲಾಗುತ್ತದೆ, ಒಳ್ಳೆಯ ನಿದ್ದೆ ಬರುತ್ತದೆ, ಜಗಳಗಂಟರೂ ಮೆತ್ತಗಾಗುತ್ತಾರೆ. ಕಾಂಡದ ಸಿಪ್ಪೆ ಬೆರೆಸಿ ಮಾರುವವರನ್ನು ಕಂಡರೆ ಇವರಿಗೆ ಮೈಯೆಲ್ಲ ಉರಿ. ಆದರೆ ಒಳ್ಳೆಯ ಬೇರೇ ಆದರೂ ದಿನಾ ಬೋಗುಣಿಗಟ್ಟಲೆ ಕುಡಿದರೆ ಸುಮ್ಮನೆ ಬಿಡುತ್ತದೆಯೇ? ಮೊದಲು ಮೈಚರ್ಮ ಪೊರೆ ಎದ್ದಿತು, ಆಮೇಲೆ ಕಣ್ಣು ಹಳದಿಯಾಯಿತು.

"ಲಿವರ್ ಊದಿದೆ ಮಾವ. ಬೇರೆಯವರು ಹಿತಮಿತವಾಗಿ ಕುಡೀಲಿ, ಬಿಯರ್ ಜೊತೆ ಮಾತ್ರ ಬೇಡ. ನಿಮಗೆ ಇನ್ನು ಒಂದು ಗುಟುಕೂ ಇಲ್ಲ" ಅಂದಳು ಆಸ್ಪತ್ರೆಯ ನರ್ಸ್. ಅವಳೂ ನಮ್ಮವಳೇ, ಬೇರನ್ನು ಬೈಯಲಿಲ್ಲ.

ಅದೇ ತಿಂಗಳು ನಮ್ಮ ಮಗಳು ಉನೈಸಿ ಪಕ್ಕದೂರಿನ ಪೇನಿಯ ಜೊತೆ ದೋಣಿ ಹತ್ತಿ ಹೋಗಿಬಿಟ್ಟಳು. ಇವರು ಒಂದೆರಡು ದಿನ ಪೆಚ್ಚಾಗಿದ್ದು ತಣ್ಣಗಾದರು. ನಾನು ಆಗಲಿಲ್ಲ. ಯಾರಾದರೂ ಅವಳ ಹೆಸರೆತ್ತಿದರೆ ಪಾತ್ರೆ ಕುಕ್ಕುತ್ತಿದ್ದೆ. ಹೆತ್ತವಳಿಗೆ ಒಂದು ಮಾತು ಹೇಳಬಾರದಿತ್ತೇ?

ಕೊನೆಗೆ ಪೇನಿಯ ಕಡೆಯವರು ಕ್ಷಮೆ ಕೇಳಲು ಬರುತ್ತೇವೆಂದು ಹೇಳಿ ಕಳಿಸಿದರು. ನಮ್ಮಲ್ಲಿ ಅದಕ್ಕೆ ಕಾಣಿಕೆಯಾಗಿ ತಿಮಿಂಗಿಲದ ಹಲ್ಲು ಒಪ್ಪಿಸಿ, ತಂದ ಯಂಗೋನಾವನ್ನು ಅಲ್ಲೇ ಕಲಸಿ, ಮೊದಲ ಕರಟ ತುಂಬಿ ಹುಡುಗಿಯ ಅಪ್ಪನಿಗೆ ಕೊಡುತ್ತಾರೆ. ಕುಡಿದರೆ ಕ್ಷಮಿಸಿದ ಹಾಗೆ. ಕುಡಿಯದಿದ್ದರೆ ಹಲ್ಲು ವಾಪಸ್ಸು, ಮಗಳು ಮತ್ತೆ ತವರಿನ ಹೊಸ್ತಿಲು ತುಳಿಯುವಂತಿಲ್ಲ.

"ಒಂದೇ ಕರಟ ಕಣೇ, ಸಾಯಲ್ಲ" ಅಂದರು ಇವರು.

"ಕುಡಿದು ನೋಡಿ, ಆಮೇಲಿದೆ ನಿಮಗೆ."

"ಮಗಳು ಬೇಡ್ವೇನೇ ನಿಂಗೆ?"

ನಾನು ಮರಗೆಣಸು ಸುಲಿಯುತ್ತಾ ಕೂತೆ.

ಶನಿವಾರ ಮಧ್ಯಾಹ್ನ ಮನೆ ತುಂಬಾ ಜನ. ಪೇನಿ ತಲೆ ತಗ್ಗಿಸಿ ಕೂತಿದ್ದ, ಉನೈಸಿ ಬಾಗಿಲಾಚೆ ಇದ್ದಳು. ಇವರ ಚಿಕ್ಕಪ್ಪ ಇಲೈಸಾ ನಮ್ಮ ಮನೆತನದ ಪರವಾಗಿ ಹಲ್ಲು ಸ್ವೀಕರಿಸಿದರು. ಪೇನಿಯ ಅಣ್ಣ ಮೊದಲ ಕರಟ ತುಂಬಿಕೊಂಡು ಇವರ ಮುಂದೆ ಮಂಡಿಯೂರಿದ. ಇವರು ಪದ್ಧತಿಯಂತೆ ಚಪ್ಪಾಳೆ ತಟ್ಟಿ ಕೈ ಚಾಚಿದರು.

ನನಗೆ ತಡೆಯಲಾಗಲಿಲ್ಲ. ಹೆಂಗಸರ ಸಾಲಿನಿಂದ ಮಂಡಿಯಲ್ಲೇ ತೆವಳಿ ಹೋಗಿ ಕರಟಕ್ಕೆ ಅಡ್ಡ ಕೈ ಹಿಡಿದೆ. ಕ್ಷಮೆ ಇಲ್ಲವೆಂದೇ ತಿಳಿದ ಪೇನಿಯ ಅಪ್ಪನ ಮುಖ ಕಪ್ಪಿಟ್ಟಿತು.

"ಕೆಲೆರಾ, ಏನಮ್ಮ ಇದು?" ಅಂತ ಇಲೈಸಾ ಮಾವ ಗದರಿದರು.

"ಇವರ ಲಿವರ್ ಕೆಟ್ಟಿದೆ ಮಾವ. ಇವರ ಬದಲು ನೀವು ಕುಡೀರಿ."

"ನಾನು ಹೇಗೆ ಕುಡೀಲಿ? ನಂಗೇನು ಸಿಟ್ಟಿತ್ತಾ? ಸಿಟ್ಟಿದ್ದೋರು ತಾನೇ ಕುಡೀಬೇಕು!"

ಇವರು ನಕ್ಕುಬಿಟ್ಟರು. "ಹಾಗಾದ್ರೆ ನಾನೂ ಲೆಕ್ಕಕ್ಕಿಲ್ಲ ಚಿಕ್ಕಪ್ಪ. ನನ್ನ ಸಿಟ್ಟು ಎಂದೋ ಇಳೀತು. ಈ ಮನೇಲಿ ಸಿಟ್ಟಿರೋದು ಒಬ್ಬಳಿಗೇ."

ಮನೆ ತುಂಬಾ ಇದ್ದವರೆಲ್ಲ ನನ್ನನ್ನೇ ನೋಡಿದರು. ಇಲೈಸಾ ಮಾವ ಕರಟವನ್ನು ನನ್ನ ಕಡೆ ತಿರುಗಿಸಲು ಹೇಳಿದರು.

"ತಗೋ ತಾಯಿ. ಆದ್ರೆ ಗಂಡನ್ನ ಉಳಿಸ್ಕೊಳ್ಳೋಕೆ ಅಂತ ಸುಮ್ಮನೆ ಕುಡೀಬೇಡ. ಮನಸ್ಸಿಲ್ಲ ಅಂದ್ರೆ ಹೇಳಿಬಿಡು, ಅವರು ಹೋಗ್ತಾರೆ."

ಕರಟ ಹಿಡಿದೆ, ಎತ್ತಲು ಆಗಲಿಲ್ಲ. ಸಿಟ್ಟು ಇನ್ನೂ ಇಳಿದಿರಲಿಲ್ಲ. ಅದನ್ನು ಕಂಡು ಇವರು ಮತ್ತೆ ಮೆಲ್ಲಗೆ ಕೈ ಚಾಚಿದರು.

"ಅಪ್ಪಾ, ಬೇಡ!" ಬಾಗಿಲಾಚೆಯಿಂದ ಉನೈಸಿ ಅಳುತ್ತಾ ಕೂಗಿದಳು. "ನೀನು ಕುಡೀಬೇಡಪ್ಪ. ನಾವು ಹೋಗ್ತೀವಿ. ನಾನಿನ್ನು ಇಲ್ಲಿಗೆ ಬರಲ್ಲ. ನೀನು ಚೆನ್ನಾಗಿರು, ಸಾಕು."

ಅಪ್ಪನಿಗಾಗಿ ತವರನ್ನೇ ಬಿಡಲು ಹೊರಟವಳ ಮೇಲೆ ಇನ್ನೆಂಥ ಸಿಟ್ಟು? ನನಗೆ ಅಳು ಬಂತು. ಅಳುತ್ತಲೇ ಕರಟ ಎತ್ತಿ, ಮಣ್ಣಿನ ರುಚಿಯ ಆ ನೀರನ್ನು ಒಂದು ಹನಿ ಬಿಡದೆ ಕುಡಿದೆ.

"ಬರಿದಾಯ್ತು!" ಅಂತ ಎಲ್ಲರೂ ಕೂಗಿ ಚಪ್ಪಾಳೆ ತಟ್ಟಿದರು. ಪೇನಿಯ ಅಪ್ಪ ಕಣ್ಣೊರೆಸಿಕೊಂಡ.

ಉನೈಸಿ ತೆವಳಿ ಬಂದು ನನ್ನ ಮಡಿಲಲ್ಲಿ ಮುಖ ಹುದುಗಿಸಿದಳು. ಅವಳ ಕೂದಲು ಸವರುತ್ತಾ ಕೇಳಿಯೇ ಬಿಟ್ಟೆ.

"ನಂಗೆ ಒಂದು ಮಾತು ಹೇಳಬಾರದಿತ್ತೇನೇ?"

"ಹೇಳೋಕೆ ಬಂದಿದ್ದೆ ಅಮ್ಮ" ಅಂದಳು. "ನೀನು ಚಾಪೆ ಹೆಣೀತಾ ಕೂತಿದ್ದೆ. ನಿನ್ನ ಮುಖ ನೋಡಿದ್ರೆ ಹೋಗೋಕೆ ಆಗ್ತಿರಲಿಲ್ಲ."